ಅಮಾವಾಸ್ಯೆಗೆ ತುಂಬುವ ಕಾಲೇಜು

ರಂಜನಾಗೆ ಕಾಲೇಜಿನಲ್ಲಿ ಒಂದು ಕೆಟ್ಟ ಹೆಸರಿತ್ತು. ಕೊಟ್ಟ ಕೆಲಸವನ್ನು ಮಾಡಿ ಮುಗಿಸುತ್ತಾಳೆ ಎಂಬ ಹೆಸರು. ಖಾಸಗಿ ಕಾಲೇಜಿನಲ್ಲಿ ದುಡಿದವರಿಗೆ ಗೊತ್ತು, ಈ ಹೆಸರು ಒಮ್ಮೆ ಅಂಟಿಕೊಂಡರೆ ತೊಳೆದರೂ ಹೋಗುವುದಿಲ್ಲ. ಪ್ರಿಂಟರ್ ಕಾಗದ ನುಂಗಿದರೆ ರಂಜನಾ ಬೇಕು, ಸಭಾಭವನದ ಮೈಕು ಕಿರುಚಿದರೆ ರಂಜನಾ ಬೇಕು, ಪ್ರಾಚಾರ್ಯರ ಮೊಬೈಲಿನಲ್ಲಿ ಮೊಮ್ಮಗನ ಫೋಟೊ ಕಾಣದಂತಾದರೂ ರಂಜನಾಳೇ ಬೇಕು. ಜಮಖಂಡಿಯಲ್ಲಿ ಬಿ.ಸಿ.ಎ. ಮಕ್ಕಳಿಗೆ ಪಾಠ ಹೇಳಲೆಂದು ಅವಳನ್ನು ತೆಗೆದುಕೊಂಡಿದ್ದರು. ವರ್ಷವರ್ಷವೂ ಗುತ್ತಿಗೆ ಹೊಸದಾಗುತ್ತಿತ್ತು. ಕಾಯಂ ಮಾಡುವ ಮಾತು ಮಾತ್ರ ಪ್ರತಿ ಬೇಸಿಗೆಯಲ್ಲೂ ಎದ್ದು, ಮಳೆ ಬೀಳುವ ಹೊತ್ತಿಗೆ ಎಲ್ಲರಿಗೂ ಮರೆತುಹೋಗುತ್ತಿತ್ತು.

ಆ ಸಂಸ್ಥೆಗೆ ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಹೀಗೆ ನಾಲ್ಕು ಊರಲ್ಲಿ ಕಾಲೇಜುಗಳು. ಕಾರ್ಯದರ್ಶಿ ಪಾಂಡಪ್ಪನವರು ಎಲ್ಲಿಗೋ ಹೋಗಿ, ಯಾರದೋ ಕಾಲೇಜಿನಲ್ಲಿ ಗಿಡದ ಬುಡದಲ್ಲಿ ಕೂತ ಹುಡುಗರೂ ವೈಫೈ ಬಳಸುವುದನ್ನು ಕಂಡು ಬಂದಿದ್ದರು. ಅಂದಿನಿಂದ ಅವರಿಗೆ ನಿದ್ದೆ ಇಲ್ಲ. ಪುಣೆಯ ಒಂದು ಕಂಪನಿ, ಹುಬ್ಬಳ್ಳಿಯ ಒಂದು ಕಂಪನಿ, ಇಬ್ಬರೂ ತಮ್ಮ ತಮ್ಮ ವೈಫೈ ಡಬ್ಬಿಗಳನ್ನು ಪರೀಕ್ಷೆಗೆಂದು ಕೊಟ್ಟುಹೋದರು. ಚಾವಣಿಗೆ ಬಡಿದು ಹಚ್ಚುವ, ಊಟದ ತಾಟಿನಷ್ಟಗಲದ ಬಿಳಿ ಡಬ್ಬಿಗಳು.

"ಎರಡೂ ಹಚ್ಚಿ ನೋಡ್ರಿ ಮೇಡಂ. ನಾಕೂ ಊರಾಗ ನೋಡ್ರಿ. ಯಾವುದು ಛಲೋ ಅಂತೀರಿ ಅದನ್ನ ತಗೊಳ್ಳೂದು" ಎಂದರು ಪಾಂಡಪ್ಪನವರು. "ನಿಮ್ಮ ಮಾತ ಕೊನೀ ಮಾತು."

ತನ್ನ ಮಾತೇ ಕೊನೆಯ ಮಾತು ಎಂದು ಯಾರಾದರೂ ಅಂದದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಅದರ ಸಂತೋಷ ಎಷ್ಟಿತ್ತೆಂದರೆ, ಅದರ ಭಾರ ಎಷ್ಟೆಂದು ನೋಡಲು ಹೋಗಲಿಲ್ಲ.

ಅವಳು ಗಿರಮಲ್ಲಪ್ಪನ ಮಗಳು. ಗಿರಮಲ್ಲಪ್ಪನ ಅಪ್ಪ ಕುರಿ ಕಾಯುತ್ತಿದ್ದವನು. ಗಿರಮಲ್ಲಪ್ಪ ಕುರಿ ಬಿಟ್ಟು ಸರಕಾರಿ ಬಸ್ಸಿನ ಕಂಡಕ್ಟರ್ ಆದ. ಬಳಗದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ರಂಜನಾ. ದಿನವೂ ಬಸ್ಸಿನಲ್ಲಿ ಬಾಗಲಕೋಟೆಗೆ ಹೋಗಿಬರುತ್ತಿದ್ದ ಆ ವರ್ಷಗಳಲ್ಲಿ ದಾರಿಯ ಕಂಡಕ್ಟರುಗಳೆಲ್ಲ ಅವಳಿಗೆ ಕಾಕಾಗಳೇ. ಡಿಪೊದಲ್ಲಿ ಸಂಜೆ ಲೆಕ್ಕ ಕೊಡಲು ಬಂದವರು ಗಿರಮಲ್ಲಪ್ಪನಿಗೆ ವರದಿ ಒಪ್ಪಿಸುತ್ತಿದ್ದರು: ನಿನ್ನ ಮಗಳು ಇವತ್ತು ಹೊತ್ತಿಗೆ ಸರಿಯಾಗಿ ಹತ್ತಿದಳು, ಇಳಿದಳು, ಕಿಟಕಿ ಕಡೆ ಕೂತು ಓದುತ್ತಿದ್ದಳು. ಅವಳಿಗೆ ಮೈ ಉರಿಯುತ್ತಿತ್ತು. ಆದರೆ ಬಳಗದವರು ಮನೆಗೆ ಬಂದು, ಹೆಣ್ಣುಮಗಳನ್ನು ಅಷ್ಟು ದೂರ ಬಿಟ್ಟಿದ್ದೀಯಲ್ಲ ಎಂದು ರಾಗ ಎಳೆದಾಗ, ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ, "ನನ್ನ ಮಗಳು ಯಾ ಹೊತ್ತಿಗೆ ಎಲ್ಲಿ ಅದಾಳ ಅಂತ ನನಗ ಗೊತ್ತೈತಿ" ಎನ್ನುತ್ತಿದ್ದ. ಆ ಮಾತಿನ ಮುಂದೆ ಯಾರೂ ಉಸಿರೆತ್ತುತ್ತಿರಲಿಲ್ಲ. ತಾನು ಓದಿ ಮುಗಿಸಿದ್ದು ಆ ಕಂಡಕ್ಟರ್ ಕಾಕಾಗಳ ಬಾಯಿಂದಲೇ ಎಂದು ಅವಳಿಗೆ ದೊಡ್ಡವಳಾದ ಮೇಲೆ ಹೊಳೆಯಿತು.

ಅದಕ್ಕೇ ಪುಣೆಯ ಡಬ್ಬಿಯ ಜೊತೆ ಬಂದ ಒಂದು ಅನುಕೂಲ ಅವಳ ಮನಸ್ಸಿಗೆ ನಾಟಿತು. ತರಗತಿ ಶುರುವಾದ ಮೊದಲ ಕೆಲವು ನಿಮಿಷದೊಳಗೆ ಹುಡುಗರು ತಮ್ಮ ಫೋನು ತೆಗೆದು ಕಾಲೇಜಿನ ವೈಫೈಗೆ ಸೇರಿ ಗುಂಡಿ ಒತ್ತಿದರೆ ಹಾಜರಿ ಬಿತ್ತು. ಬೀಳದಿದ್ದರೆ ಮನೆಯವರ ಫೋನಿಗೆ ತಾನಾಗಿ ಒಂದು ಸಂದೇಶ ಹೋಗುತ್ತದೆ. ಸಂದೇಶ ಇಂಗ್ಲಿಷಿನಲ್ಲಿತ್ತು. ತಂದೆತಾಯಿ ಓದುವಂತಿರಬೇಕು ಎಂದು ಹಟ ಹಿಡಿದು ರಂಜನಾ ಅದನ್ನು ಕನ್ನಡಕ್ಕೆ ಹಾಕಿಸಿದಳು: ನಿಮ್ಮ ಮಗಳು ಇಂದು ಕಾಲೇಜಿಗೆ ಬಂದಿಲ್ಲ. ತನಗೆ ಕಾಕಾಗಳಿದ್ದರು, ಎಲ್ಲ ಹೆಣ್ಣುಮಕ್ಕಳಿಗೂ ಎಲ್ಲಿಂದ ಬರಬೇಕು? ಈ ಡಬ್ಬಿಯಾದರೂ ಅವರ ಪರವಾಗಿ ಬಾಯಿ ಬಿಡಲಿ ಎಂಬುದು ಅವಳ ಆಸೆ.

ಪೆಟ್ಟಿಗೆ ಹೊತ್ತು ಊರೂರು ತಿರುಗಿದಳು. ಬೀಳಗಿಯ ಕಟ್ಟಡದ ಗೋಡೆಗಳು ಮೊಳದಪ್ಪ. ಒಂದು ಕೋಣೆಯಲ್ಲಿ ಹಚ್ಚಿದ ಡಬ್ಬಿಯ ಅಲೆ ಪಕ್ಕದ ಕೋಣೆಗೆ ದಾಟುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಮುಧೋಳದಲ್ಲಿ ಅಲೆಗೇನೂ ತೊಂದರೆ ಇರಲಿಲ್ಲ, ಮಂಗಗಳು ತಂತಿ ಜಗ್ಗಿದವು. ಎಲ್ಲ ಕಡೆಯೂ ಫೋನು ಹಿಡಿದು ಮೂಲೆಮೂಲೆಗೆ ನಡೆದು, ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಗುರುತು ಮಾಡಿಕೊಂಡಳು. ಆದರೆ ಡಬ್ಬಿಯ ತಾಕತ್ತು ತಿಳಿಯುವುದು ಖಾಲಿ ಕೋಣೆಯಲ್ಲಲ್ಲ. ಜನ ತುಂಬಿ ಎಲ್ಲರೂ ಒಮ್ಮೆಗೇ ಫೋನು ತೆಗೆದಾಗ. ಈ ವಿಷಯದಲ್ಲಿ ಅವಳು ಖಡಕ್ಕು. ತುಂಬಿದ ಕಾಲೇಜಿನಲ್ಲೇ ನೋಡಬೇಕು ಎಂದಳು.

ಬನಹಟ್ಟಿಯ ಪ್ರಾಚಾರ್ಯ ಈಶ್ವರ ಸರ್ ಇದನ್ನು ಕೇಳಿ ನಕ್ಕರು.

"ತುಂಬಿದ ಕಾಲೇಜ ಬೇಕಂದ್ರ ಅಮಾಸಿಗೆ ಬರ್ರಿ ಮೇಡಂ. ಅವತ್ತ ಮಗ್ಗ ಬಂದ್ ಇರ್ತಾವ. ಉಳಿದ ದಿನ ನಮ್ಮ ಬಿ.ಎ. ಹುಡುಗರು ಎಲ್ಲಿ ಸಿಗ್ತಾರ? ಅರ್ಧ ಮಂದಿ ನೂಲಿನ ಕಂಡಿಕಿ ಸುತ್ತಾಕ, ಅರ್ಧ ಮಂದಿ ಸೀರಿ ಮಡಚಾಕ."

ಅದು ಊರಿಗೆಲ್ಲ ಗೊತ್ತಿದ್ದ ಮಾತು. ನೇಕಾರರು ಅಮಾವಾಸ್ಯೆಯಂದು ಮಗ್ಗ ಮುಟ್ಟುವುದಿಲ್ಲ. ಉಳಿದ ದಿನ ಓಣಿ ಓಣಿಯ ಶೆಡ್ಡುಗಳಲ್ಲಿ ವಿದ್ಯುತ್ ಮಗ್ಗಗಳು ಖಟಖಟ ಬಡಿಯುತ್ತಿದ್ದರೆ ಅಂದು ಊರಿಗೆ ಊರೇ ಕಿವಿ ಬಿಟ್ಟುಕೊಂಡಂತೆ ಸುಮ್ಮನಿರುತ್ತದೆ. ರಂಜನಾಗೂ ಅಮಾವಾಸ್ಯೆ ಒಳ್ಳೆಯ ದಿನವೇ. ಅವರ ಮನೆಯಲ್ಲಿ ಅದು ಬೀರಪ್ಪನ ದಿನ. ಬೆಳಿಗ್ಗೆ ತಾಯಿ ತಂಗೆವ್ವ ಗುಡಿಗೆ ಹೋಗಿಬಂದು ಹಣೆಗೆ ಭಂಡಾರ ಹಚ್ಚಿದಳು. ಆ ಅರಿಸಿನ ಬಣ್ಣದಲ್ಲೇ ರಂಜನಾ ಬನಹಟ್ಟಿಗೆ ಹೋದಳು.

ನಿಜಕ್ಕೂ ಕಾಲೇಜು ಗಿಜಿಗುಡುತ್ತಿತ್ತು. ಬಿ.ಎ., ಬಿ.ಕಾಂ. ತರಗತಿಗಳು ನಡೆಯುವ ಹಳೆಯ ಕಟ್ಟಡದಲ್ಲಿ ಬೆಂಚಿಗೆ ನಾಲ್ಕು ನಾಲ್ಕು ಜನ. ಪುಣೆಯ ಡಬ್ಬಿಗಳು ಅಷ್ಟು ಫೋನುಗಳನ್ನೂ ಒಂದೂ ಬಿಡದೆ ಹಿಡಿದುಕೊಂಡವು. ಹುಬ್ಬಳ್ಳಿಯವರ ಡಬ್ಬಿ ಜನ ಹೆಚ್ಚಾದಂತೆ ತೊದಲಿತು. ಆದರೆ ಹುಬ್ಬಳ್ಳಿಯವರು ಒಂದು ಮಾತು ಹೇಳಿದ್ದರು: ಯಾರ ಡಬ್ಬಿ ಹಚ್ಚಿದರೂ ಅದಕ್ಕೆ ಕರೆಂಟು ಹಂಚುವ ಪೆಟ್ಟಿಗೆಗೆ ಮಹಡಿಗೊಂದು ಬ್ಯಾಟರಿ ಇಡಲೇಬೇಕು. ರಂಜನಾ ದಿನವಿಡೀ ಕಾದು ನೋಡಿದಳು. ಒಂದು ಟ್ಯೂಬ್‌ಲೈಟೂ ಮಿಣುಕಲಿಲ್ಲ. ಹೊಸ ಕಟ್ಟಡಕ್ಕೆ ಇನ್ವರ್ಟರ್ ಮೊದಲೇ ಇತ್ತು. ಹಳೆಯ ಕಟ್ಟಡಕ್ಕೆ ಬ್ಯಾಟರಿ ಅಗತ್ಯವಿಲ್ಲ ಎಂದು ಬರೆದುಬಿಟ್ಟಳು.

ಅಂದು ಅವಳ ಜೊತೆ ಕೋಣೆ ಕೋಣೆ ತಿರುಗಿ, ಹುಡುಗಿಯರಿಗೆ ಫೋನಿನಲ್ಲಿ ಎಲ್ಲಿ ಒತ್ತಬೇಕೆಂದು ತೋರಿಸಿಕೊಟ್ಟವಳು ಬಿ.ಎ. ಎರಡನೇ ವರ್ಷದ ಶೀತಲ. ಬೆಳಗ್ಗೆ ಬೇಗ ಎದ್ದು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತಿಟ್ಟು, ಆಮೇಲೆ ಕಾಲೇಜಿಗೆ ಬರುವ ಹುಡುಗಿ. ಅಪ್ಪ ಹೊಳೆಪ್ಪ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದ. ಓದಿಸುವುದಕ್ಕೆ ಅವನು ಹಾಕಿದ್ದು ಒಂದೇ ಕರಾರು: ಮನೆಯಿಂದ ಹೊರಟರೆ ಕಾಲೇಜು, ಕಾಲೇಜಿನಿಂದ ಹೊರಟರೆ ಮನೆ. ನಡುವೆ ಎಲ್ಲಾದರೂ ನಿಂತೆ ಎಂದು ಗೊತ್ತಾದ ದಿನವೇ ಕಾಲೇಜು ಮುಗಿಯಿತು.

"ಮೇಡಂ, ಇದು ಬಂದ ಮ್ಯಾಲ ನಾ ಕಾಲೇಜಿನ್ಯಾಗ ಇದ್ದೀನಿ ಅಂತ ಅಪ್ಪಗ ತಾನ ಗೊತ್ತಾಗತೈತೇನ್ರಿ?" ಎಂದು ಶೀತಲ ಕೇಳಿದಳು.

"ಹೌದವಾ. ಬರಲಿಲ್ಲಂದ್ರ ಅಷ್ಟ ಮೆಸೇಜ್ ಹೋಗತೈತಿ. ಮೆಸೇಜ್ ಬರಲಿಲ್ಲ ಅಂದ್ರ ನೀ ಇಲ್ಲೇ ಇದ್ದಿ ಅಂತ ಅರ್ಥ."

"ಹಂಗಾದ್ರ ಛಲೋ ಆತ್ರಿ. ದಿನಾ ಸಂಜೀಕ ಕೇಳ್ತಾನ್ರಿ. ಹೇಳಿ ಹೇಳಿ ಸಾಕಾಗೈತಿ."

ರಂಜನಾಗೆ ತನ್ನನ್ನೇ ಕಂಡಂತಾಯಿತು. ಮರಳಿ ಬಂದವಳು ವರದಿಯನ್ನು ಒಂದೇ ಸಮನೆ ಬರೆದು ಮುಗಿಸಿದಳು.

ಪುಣೆಯ ಡಬ್ಬಿಗಳು ಬಂದವು. ಪಾಂಡಪ್ಪನವರು ತೆಂಗಿನಕಾಯಿ ಒಡೆದರು. ಮೇಷ್ಟರುಗಳು ಹೆಸರು ಕೂಗಿ ಹಾಜರಿ ಹಾಕುವುದನ್ನು ಬಿಟ್ಟು ಹಾಯೆನಿಸಿಕೊಂಡರು. ಪಾಲಕರಿಗೆ ಏನಾದರೂ ಸಂಶಯ ಬಂದರೆ ಕೇಳಲಿ ಎಂದು ಕೊಟ್ಟ ನಂಬರು, ಹೇಳಬೇಕೆ, ರಂಜನಾಳದೇ.

ತಿಂಗಳೊಪ್ಪತ್ತಿನಲ್ಲಿ ಬನಹಟ್ಟಿಯ ಚಿತ್ರ ಪರದೆಯ ಮೇಲೆ ಬಂತು. ಹೊಸ ಕಟ್ಟಡದ ಬಿ.ಸಿ.ಎ. ಹುಡುಗರು ಸರಿಯಾಗಿ ಬರುತ್ತಿದ್ದಾರೆ. ಹಳೆಯ ಕಟ್ಟಡದ ಬಿ.ಎ.ಯವರು ಬೆಳಗಿನ ತರಗತಿಗೆ ಮುಕ್ಕಾಲು ಪಾಲು ಇಲ್ಲ. ಅಮಾವಾಸ್ಯೆಯಂದು ಮಾತ್ರ ಎಲ್ಲರೂ ಹಾಜರು. ಈಶ್ವರ ಸರ್ ಫೋನಿನಲ್ಲಿ, "ನಾ ಹೇಳಿದ್ನೆಲ್ರಿ" ಎಂದರು. ಹೌದಲ್ಲ ಎಂದಳು ರಂಜನಾ. ಎಲ್ಲರಿಗೂ ಮೊದಲೇ ಗೊತ್ತಿದ್ದ ಸಂಗತಿಯನ್ನು ಡಬ್ಬಿ ಈಗ ಅಂಕಿಯಲ್ಲಿ ಹೇಳುತ್ತಿತ್ತು. ಗೊತ್ತಿದ್ದದ್ದನ್ನೇ ಹೇಳುವವರ ಮೇಲೆ ನಮಗೆ ಸಂಶಯ ಬರುವುದಿಲ್ಲ, ಅದು ಮನುಷ್ಯನಾಗಲಿ ಡಬ್ಬಿಯಾಗಲಿ.

ಒಂದು ದಿನ ಮಧ್ಯಾಹ್ನ ಹೊಳೆಪ್ಪ ಫೋನು ಮಾಡಿದ. ಹಿಂದೆ ಮಗ್ಗದ ಸದ್ದು. ಅವನು ಕೂಗಿ ಮಾತಾಡುತ್ತಿದ್ದ.

"ಮೇಡಮ್ಮಾರ, ನಾ ಶೀತಲನ ಅಪ್ಪ ಹೊಳೆಪ್ಪ. ದಿನಾ ಮೆಸೇಜ್ ಬರಾಕತ್ತೈತ್ರಿ, ಮಗಳು ಬಂದಿಲ್ಲ ಅಂತ. ಇಕಿ ನೋಡಿದ್ರ ದಿನಾ ಹೋಗೀನಿ ಅಂತಾಳ. ನಾವು ಓದದ ಮಂದಿ. ಯಾವುದು ಖರೆ ಅಂತ ತಿಳೀವಲ್ದು. ಆ ಮಷೀನ್ ತಪ್ಪ ಹೇಳ್ತದೇನ್ರಿ?"

ರಂಜನಾ ಪರದೆ ತೆಗೆದು ನೋಡಿದಳು. ಇಲ್ಲ, ಇಲ್ಲ, ಇಲ್ಲ, ಅಮಾವಾಸ್ಯೆಗೆ ಇದ್ದಾಳೆ, ಮತ್ತೆ ಇಲ್ಲ. ಹುಡುಗಿಯ ಮುಖ ನೆನಪಾಗಿ ಅವಳಿಗೆ ಕಸಿವಿಸಿಯಾಯಿತು. ಆಮೇಲೆ, "ಕಾಕಾ, ಮಷೀನಿಗೆ ಯಾರ ಮ್ಯಾಲೂ ಸಿಟ್ಟಿಲ್ಲ, ಯಾರ ಮ್ಯಾಲೂ ಪ್ರೀತಿ ಇಲ್ಲ. ಅದು ಇದ್ದದ್ದನ್ನ ಇದ್ದಂಗ ಹೇಳತೈತ್ರಿ" ಎಂದಳು.

ಆ ಕಡೆ ಏನೋ ಗದ್ದಲವಾಯಿತು. ಫೋನು ಶೀತಲಳ ಕೈಗೆ ಬಂತು. "ಮೇಡಂ, ನಾ ದಿನಾ ಹೋಗೀನ್ರಿ. ನಿಮ್ಮಾಣಿ ಹೋಗೀನ್ರಿ. ಒತ್ತಿದ್ರ ಅದು ತಗೋವಲ್ದುರಿ. ನೆಟ್ ಬರವಲ್ದು."

ಪಾಠ ಹೇಳಿದವರ ಕಿವಿಗೆ ಈ ಮಾತು ಹೊಸದಲ್ಲ. ನೆಟ್ ಬರಲಿಲ್ಲ, ಚಾರ್ಜ್ ಇರಲಿಲ್ಲ, ಬಸ್ಸು ತಪ್ಪಿತು. ರಂಜನಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೂ ಇಷ್ಟು ಕೆಡುಕಾಗುತ್ತಿರಲಿಲ್ಲವೇನೋ. ದನಿ ತಗ್ಗಿಸಿ ಅಕ್ಕರೆಯಿಂದ, "ಶೀತಲ, ನನ್ನ ಮುಂದ ಖರೇ ಹೇಳು. ಅಪ್ಪಗ ನಾ ಏನೂ ಹೇಳಾಂಗಿಲ್ಲ" ಎಂದಳು.

ಮಗ್ಗದ ಸದ್ದು ಕೇಳುತ್ತಿತ್ತು. ಫೋನು ಕಟ್ಟಾಯಿತು.

ಆಮೇಲೆ ಶೀತಲಳ ಹೆಸರಿನ ಮುಂದೆ ಅಮಾವಾಸ್ಯೆಯಂದೂ ಹಾಜರಿ ಬೀಳಲಿಲ್ಲ. ರಂಜನಾ ಅದನ್ನು ಗಮನಿಸಿದಳು, ಛೇ ಎಂದುಕೊಂಡಳು. ಮಗಳು ದಾರಿ ತಪ್ಪಿದ್ದಳು, ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಗೊತ್ತಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನ ಮಾತ್ರ ಆಗಲಿಲ್ಲ.

ಪರೀಕ್ಷೆ ಹತ್ತಿರ ಬಂತು. ಹಾಜರಿ ಸಾಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನೋಟೀಸಿನ ಜೊತೆಗೇ ಬೇರೆ ಊರಿನ ಸಂಸ್ಥೆಯವರು ಈ ವೈಫೈ ವ್ಯವಸ್ಥೆ ನೋಡಲು ಬರುತ್ತಾರೆಂಬ ಸುದ್ದಿಯೂ ಬಂತು. ಅವರಿಗೆ ತೋರಿಸಲು ಚಿತ್ರಪಟ ಮಾಡಿರಿ ಎಂದು ಪಾಂಡಪ್ಪನವರ ಅಪ್ಪಣೆಯಾಯಿತು. ರಂಜನಾ ನಾಲ್ಕೂ ಕಾಲೇಜಿನ ಹಾಜರಿಯನ್ನು ದಿನದಿನಕ್ಕೆ ಜೋಡಿಸುತ್ತಾ ಕೂತಳು. ಬನಹಟ್ಟಿಯ ಬಿ.ಎ. ಸಾಲು ನೆಲಕ್ಕಂಟಿ ಹರಿದು, ಅಮಾವಾಸ್ಯೆಗೊಮ್ಮೆ ಮೇಲಕ್ಕೆ ಹಾರುತ್ತಿತ್ತು. ಆದರೆ ಅಮಾವಾಸ್ಯೆಯಲ್ಲದ ಒಂದು ದಿನವೂ ಅದು ಮೇಲಕ್ಕೆ ಹಾರಿತ್ತು.

ಆ ದಿನ ಅವಳಿಗೆ ನೆನಪಿತ್ತು. ಬನಹಟ್ಟಿಯಲ್ಲಿ ಎಲ್ಲರೂ ಗೌರವಿಸುವ ಹಿರಿಯ ನೇಕಾರರೊಬ್ಬರು ತೀರಿಕೊಂಡಿದ್ದರು. ಊರಿನ ಮಗ್ಗಗಳನ್ನೆಲ್ಲ ನಿಲ್ಲಿಸಿ ಜನ ಮಣ್ಣಿಗೆ ಹೋಗಿದ್ದರು. ಕಾಲೇಜಿಗೆ ಅರ್ಧ ಹುಡುಗರೂ ಬಂದಿಲ್ಲ, ರಜೆ ಕೊಡಲೇ ಎಂದು, ಅವಳು ಪಾಂಡಪ್ಪನವರ ಕೋಣೆಯಲ್ಲಿದ್ದಾಗಲೇ ಈಶ್ವರ ಸರ್ ಫೋನು ಮಾಡಿ ಕೇಳಿದ್ದರು. ಅರ್ಧ ಹುಡುಗರು ಬಾರದ ದಿನ ಡಬ್ಬಿ ಉಳಿದ ದಿನಗಳಿಗಿಂತ ಎರಡು ಪಟ್ಟು ಹುಡುಗರನ್ನು ಎಣಿಸಿತ್ತು.

ಮಗ್ಗ ನಿಂತ ದಿನ ಬರುತ್ತಿದ್ದದ್ದು ಹುಡುಗರೋ, ಕರೆಂಟೋ?

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಬನಹಟ್ಟಿಯ ಬಸ್ಸು ಹತ್ತಿದಳು. ಹಳೆಯ ಕಟ್ಟಡದ ಬಿ.ಎ. ತರಗತಿಯ ಬಾಗಿಲಲ್ಲಿ ನಿಂತಳು. ಒಳಗೆ ಹುಡುಗರಿದ್ದರು, ಬೆಂಚುಗಳು ಅಮಾವಾಸ್ಯೆಯಷ್ಟು ಒತ್ತಾಗಿರಲಿಲ್ಲ, ಖಾಲಿಯಂತೂ ಇರಲಿಲ್ಲ. ಗಂಟೆ ಬಡಿಯಿತು. ಅದೇ ಹೊತ್ತಿಗೆ ಸುತ್ತಲ ಓಣಿಗಳ ಶೆಡ್ಡುಗಳಿಗೆ ಬೆಳಗಿನ ಕರೆಂಟು ಬಂತು. ಒಂದರ ಹಿಂದೊಂದು ಮಗ್ಗಗಳು ಸದ್ದು ಹಿಡಿದವು. ಅಷ್ಟೂ ಮಗ್ಗಗಳು ಒಮ್ಮೆಗೇ ಕರೆಂಟು ಎಳೆದದ್ದೇ ತಡ, ತರಗತಿಯ ಫ್ಯಾನು ಆಕಳಿಸಿದಂತೆ ನಿಧಾನವಾಯಿತು, ಟ್ಯೂಬ್‌ಲೈಟು ಕೆಂಪಗಾಗಿ ನಡುಗಿತು, ಚಾವಣಿಯ ಬಿಳಿ ಡಬ್ಬಿಯ ಹಸಿರು ದೀಪ ಆರಿಹೋಯಿತು. ಹುಡುಗರು ಫೋನು ಎತ್ತಿ ಹಿಡಿದು ಕಿಟಕಿ ಕಡೆ, ಬಾಗಿಲ ಕಡೆ ತಿರುಗಿಸುತ್ತಿದ್ದರು. ಒಬ್ಬ ಹುಡುಗ ಬೆಂಚಿನ ಮೇಲೆ ಹತ್ತಿ ನಿಂತಿದ್ದ. ಅವರಿಗೆ ಅದು ರೂಢಿಯಾಗಿಬಿಟ್ಟಿತ್ತು. ಡಬ್ಬಿ ತಾನಾಗಿ ಮತ್ತೆ ಎದ್ದು, ತಡವರಿಸಿ, ಹಸಿರು ದೀಪ ಹಚ್ಚುವ ಹೊತ್ತಿಗೆ ಹಾಜರಿಯ ಸಮಯ ಮುಗಿದಿತ್ತು. ಅವಳ ಕೈಯ ಪರದೆಯ ಮೇಲೆ, ದೀಪ ಆರುವ ಮೊದಲೇ ಒತ್ತಿದ ಕೆಲವರನ್ನು ಬಿಟ್ಟು, ಕಣ್ಣೆದುರಿಗೆ ಕೂತ ಮಕ್ಕಳೆಲ್ಲ ಗೈರು.

ಪಾಠ ಮಾಡುತ್ತಿದ್ದ ಮೇಷ್ಟರು ತಿರುಗಿಯೂ ನೋಡಲಿಲ್ಲ. ಅವರು ಬೆಳಗಿನ ಗಂಟೆಗೆ ಮಾತ್ರ ಬಂದುಹೋಗುವವರು. ಯಾರ ಹೆಸರೂ ಅವರಿಗೆ ಗೊತ್ತಿರಲಿಲ್ಲ.

ರಂಜನಾಗೆ ನೆಲ ಬಿರಿಯಬಾರದೇ ಎನ್ನಿಸಿತು. ಮಕ್ಕಳು ಹೆಚ್ಚಾಗಿ ಬರುವ ದಿನವೇ ನೋಡಬೇಕೆಂದು ಹಟ ಹಿಡಿದು, ಆ ಊರಿಗೆ ಊರೇ ಕರೆಂಟು ಮುಟ್ಟದ ದಿನವನ್ನು ಆರಿಸಿದ್ದಳು. ಅದೊಂದು ತಪ್ಪು; ಯಾರಿಂದಲೂ ಆಗಬಹುದಾದದ್ದು. ಆದರೆ ಶೀತಲ ಬಾಯಿಬಿಟ್ಟು ಹೇಳಿದ್ದಳು. ಒತ್ತಿದರೆ ತಗೊಳ್ಳುತ್ತಿಲ್ಲ ಎಂದು ಹೇಳಿದ್ದಳು. ಅದನ್ನು ನಂಬದೆ ಹೋದದ್ದಕ್ಕೆ ಯಾವ ಮಗ್ಗವನ್ನು ದೂರುವುದು?

ಅಲ್ಲಿಂದಲೇ ಪಾಂಡಪ್ಪನವರಿಗೆ ಫೋನು ಹಚ್ಚಿದಳು. ಅವರು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರೇನಲ್ಲ, ದಾರಿ ಹುಡುಕುವುದರಲ್ಲಿ ಹುಷಾರು.

"ಬ್ಯಾಟರಿ ಹಾಕಸ್ರಿ, ಅದೇನ ದೊಡ್ಡದಲ್ಲ. ಹುಡುಗರ ಹಾಜರಿ ಮಾಫ್ ಮಾಡಿ ಪರೀಕ್ಷಾಕ್ಕ ಕೂಡಸೋಣು. ಬಂದಿಲ್ಲ, ಆದ್ರೂ ಮಗ್ಗದ ಮಕ್ಕಳು ಅಂತ ಸಂಸ್ಥೆ ಕನಿಕರ ತೋರಸೈತಿ ಅಂತ ನೋಟೀಸ್ ಹಚ್ಚಿಬಿಡ್ರಿ."

"ಅವರು ಬಂದಾರ್ರಿ ಸರ್."

"ಬಂದಾರವಾ, ನನಗೂ ತಿಳೀತು. ಆದ್ರ ಹಂಗ ಬರದ್ರ ಡಬ್ಬಿ ಸುಳ್ಳಾತು, ನಿಮ್ಮ ರಿಪೋರ್ಟ ಸುಳ್ಳಾತು, ನೋಡಾಕ ಬರೂ ಮಂದಿ ಮುಂದ ನನ್ನ ಮಾರಿ ಸಣ್ಣದಾತು. ಈ ವರ್ಷ ನಿಮ್ಮನ್ನ ಕಾಯಂ ಮಾಡೂದು ನನ್ನ ತಲ್ಯಾಗ ಐತಿ. ತಿಳಕೊಳ್ರಿ."

ತಿಳಿದುಕೊಂಡಳು. ಚೆನ್ನಾಗಿಯೇ ತಿಳಿದುಕೊಂಡಳು. ಕಾಲೇಜಿನ ಕಟ್ಟೆಯ ಮೇಲೆ ತುಸು ಹೊತ್ತು ಕೂತಳು. ಅಪ್ಪನ ಪಿಂಚಣಿ, ತನ್ನ ಗುತ್ತಿಗೆ, ಈ ಬೇಸಿಗೆ ಎಲ್ಲವೂ ಕಣ್ಣ ಮುಂದೆ ಬಂದುಹೋದವು. ಹೆದರಿಕೆಯಾಯಿತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆಮೇಲೆ ಫೋನಿನಲ್ಲಿ ಪಾಲಕರಿಗೆ ಸಂದೇಶ ಹೋಗುವ ಪುಟ ತೆಗೆದಳು. ಹಳೆಯ ಕಟ್ಟಡದ ಮಕ್ಕಳ ಎಲ್ಲ ಮನೆಗಳನ್ನೂ ಗುರುತು ಹಾಕಿ ಬರೆದಳು: ನಿಮ್ಮ ಮಕ್ಕಳು ಕಾಲೇಜಿಗೆ ಬಂದಿಲ್ಲ ಎಂದು ಈವರೆಗೆ ಬಂದ ಸಂದೇಶಗಳನ್ನು ನಂಬಬೇಡಿ. ಯಂತ್ರ ತಪ್ಪಿದೆ. ಅದನ್ನು ಪರೀಕ್ಷೆ ಮಾಡಿ ಸರಿ ಇದೆ ಎಂದವಳು ನಾನು. ಕೆಳಗೆ ತನ್ನ ಹೆಸರು ಹಾಕಿದಳು. ಮತ್ತೊಮ್ಮೆ ಓದದೆ ಕಳಿಸಿಬಿಟ್ಟಳು, ಓದಿದರೆ ಕಳಿಸಲಾರೆ ಎಂದು ಅವಳಿಗೆ ಗೊತ್ತಿತ್ತು.

ಹೊಳೆಪ್ಪನ ಮನೆ ಕೇಳಿಕೊಂಡು ಹೋದಳು. ಮನೆಗೆ ಹೊಂದಿಕೊಂಡೇ ಶೆಡ್ಡು. ಬಾಗಿಲಲ್ಲಿ ನೂಲು ಬಿಡಿಸುತ್ತ ಕೂತಿದ್ದ ಹೊಳೆಪ್ಪನ ಹೆಂಡತಿ ಮರೆವ್ವ ಯಾರೆಂದು ಕೇಳಿ, ಹೆಸರು ತಿಳಿದೊಡನೆ ನೂಲು ಬದಿಗಿಟ್ಟು ಚಾಪೆ ಹಾಸಿದಳು. ತೆರೆದ ಬಾಗಿಲಿನಿಂದ ಒಳಗಿನ ಮಗ್ಗಗಳು ಕಾಣುತ್ತಿದ್ದವು. ಒಂದರ ಮುಂದೆ ಶೀತಲ ನಿಂತಿದ್ದಳು. ಕೂದಲಿಗೆ ನೂಲಿನ ಧೂಳು ಹತ್ತಿ, ಇದ್ದ ವಯಸ್ಸಿಗಿಂತ ದೊಡ್ಡವಳಾಗಿ ಕಾಣುತ್ತಿದ್ದಳು.

"ಆ ಫೋನ್ ಮಾಡಿದ ದಿನಾನ ಬಿಡಸಿದ್ರು" ಎಂದಳು ಮರೆವ್ವ. "ಕಾಲೇಜಿಗೆ ಹೋಗಿಲ್ಲಂದ್ರ ಎಲ್ಲಿಗೆ ಹೋಗಿದ್ದಿ, ಯಾರ ಕೂಡ ಹೋಗಿದ್ದಿ ಅಂತ ಅವರು ಕೇಳ್ಯಾರ. ಎಲ್ಲೆರ ಹೋಗಿದ್ರ ಹೇಳ್ಬೇಕಲ್ರಿ ಅಕಿ? ಏನಂತ ಹೇಳ್ಬೇಕು? ನಾನೂ ಕೇಳೀನಿ. ತಾಯಿಯಾಗಿ ನಾನೂ ಕೇಳಿಬಿಟ್ಟೆ."

ಹೊಳೆಪ್ಪ ಹೊರಗೆ ಬಂದ. ಕೈಯಲ್ಲಿ ಫೋನಿತ್ತು. ರಂಜನಾ ಎದ್ದು ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳನ್ನೆಲ್ಲ ಹೇಳಿದಳು: ಕರೆಂಟು ಇಳಿಯುವುದು, ಡಬ್ಬಿ ಆರುವುದು, ಮಗಳದು ಏನೂ ತಪ್ಪಿಲ್ಲ, ತಪ್ಪು ತನ್ನದು. ಹೊಳೆಪ್ಪ ತಲೆ ತಗ್ಗಿಸಿಕೊಂಡು ಕೇಳಿದ. ಅವನ ಮುಖದಲ್ಲಿ ಏನೋ ಸಡಿಲವಾಯಿತು. ಒಳಗೆ ಹೋಗಿ ಶೀತಲಳ ಮಗ್ಗ ನಿಲ್ಲಿಸಿ ಅವಳನ್ನು ಕರೆತಂದ. ಫೋನು ಅವಳ ಕಡೆ ಹಿಡಿದ.

"ನೋಡವಾ, ಮೆಸೇಜ್ ಬಂದೈತಿ. ನೀ ದಿನಾ ಹೋಗಿದ್ದಿ ಅಂತ ಬಂದೈತಿ. ನಾಳಿಂದ ಹೋಗು. ಪರೀಕ್ಷಾ ಬರಿ."

ಶೀತಲ ಸಂದೇಶ ಓದಲಿಲ್ಲ. ಅಪ್ಪನನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಕೇಳುವವರಿಗೆ ಸುಲಭವಾಗುತ್ತಿತ್ತು.

"ನಾ ಹೇಳಿದಾಗ ನಂಬಲಿಲ್ಲಪ್ಪಾ. ಈಗ ಮೆಸೇಜ್ ಬಂತಂತ ನಂಬಿದಿ. ನಾಳೆ ಮತ್ತ ಇಲ್ಲ ಅಂತ ಬಂದ್ರ?"

"ಇನ್ನ ಬರೂದಿಲ್ಲ ಶೀತಲ, ಬ್ಯಾಟರಿ ಹಾಕಸ್ತೀವಿ" ಎಂದಳು ರಂಜನಾ. ಅಂದ ಮೇಲೆ ಆ ಮಾತು ಎಷ್ಟು ಬಡವಾಗಿದೆ ಎಂದು ಅವಳಿಗೇ ಕೇಳಿಸಿತು.

ಹುಡುಗಿ ಅವಳ ಕಡೆ ತಿರುಗಿದಳು. "ಬ್ಯಾಟರಿ ಹಾಕಸ್ರಿ ಮೇಡಂ. ಉಳಿದವರಿಗೆ ಬೇಕಾಗತೈತಿ." ಆಮೇಲೆ, ಮನೆಗೆ ಬಂದವರಿಗೆ ಆಡಬೇಕಾದ ಮಾತು ನೆನಪಾದವಳಂತೆ, "ಚಾ ಕುಡದ ಹೋಗ್ರಿ" ಎಂದು ಹೇಳಿ ಒಳಗೆ ನಡೆದಳು. ಮಗ್ಗ ಮತ್ತೆ ಬಡಿಯಲು ಶುರುವಾಯಿತು.

ಹೊಳೆಪ್ಪ ಫೋನು ಕೈಯಲ್ಲೇ ಹಿಡಿದು ನಿಂತಿದ್ದ. ಮರೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಅವನು ಫೋನನ್ನು ಚಾಪೆಯ ಮೇಲೆ ಇಟ್ಟು ಶೆಡ್ಡಿನೊಳಗೆ ಹೋದ. ಮಗಳ ಮಗ್ಗದ ಪಕ್ಕ ನಿಂತು ಏನೋ ಹೇಳಿದ. ಆ ಸದ್ದಿನಲ್ಲಿ ರಂಜನಾಗೆ ಏನೂ ಕೇಳಲಿಲ್ಲ, ಅವನ ತುಟಿ ಅಲುಗುವುದಷ್ಟೇ ಕಂಡಿತು. ಶೀತಲ ನೂಲಿನ ಮೇಲಿನ ಕಣ್ಣು ಕೀಳಲಿಲ್ಲ. ಅವನು ತಪ್ಪು ಒಪ್ಪಿಕೊಳ್ಳುವವನಂತೆ ಇನ್ನಷ್ಟು ಹತ್ತಿರ ಬಾಗಿ, ಅದೇ ಮಾತನ್ನು ಮತ್ತೊಮ್ಮೆ ಹೇಳಿದ.